ಮೇಲೇಳದ ಹೆಬ್ಬೆರಳು

ಬಾಗಲೂರಿನ ಸತೀಶ್ ೨೦೧೪ರ ಬೇಸಿಗೆಯಲ್ಲಿ ತನ್ನ ಜಮೀನಿನಲ್ಲಿ ಬಾಡಿಗೆ ಮನೆಗಳನ್ನು ಕಟ್ಟಿಸುತ್ತಿದ್ದ. ಒಂದು ಬೆಳಿಗ್ಗೆ ತಾರಸಿಯ ಕೆಳಗೆ ಆಸರೆಗೆ ಕಟ್ಟಿದ್ದ ಸೆಂಟ್ರಿಂಗ್ ಬಿಚ್ಚುವಾಗ ಕಬ್ಬಿಣದ ಶೀಟು ಜಾರಿ, ಅವನ ಬಲಗಾಲಿಗೆ, ಮೊಣಕಾಲಿನ ಕೆಳಗೆ ಮುಂಭಾಗಕ್ಕೇ ಬಡಿಯಿತು. ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ತೆಗೆದು, ಮೂಳೆಗೆ ಏನೂ ಆಗಿಲ್ಲವೆಂದರು. ಗಾಯವೂ ಇರಲಿಲ್ಲ. ತಾಯಿ ಮುನಿವೆಂಕಟಮ್ಮ ಎಣ್ಣೆ ಸವರಿ ಬಟ್ಟೆ ಬಿಗಿದಳು.

“ಇಂಗೆ ಕಟ್ಟಿದ್ರೆ ಊತ ಇಳೀತದೆ. ಸುಮ್ಕೆ ಮಲಗಪ್ಪ.”

ಮಧ್ಯಾಹ್ನದ ಹೊತ್ತಿಗೆ ನೋವು ಏರಿತು. ಮಾತ್ರೆಗೂ ಬಗ್ಗಲಿಲ್ಲ. ಉಗುರು ಕಿತ್ತುಹೋದಾಗಲೂ ಕೆಲಸ ಬಿಡದಿದ್ದವನು ಈಗ ಗೋಡೆಯ ಕಡೆ ತಿರುಗಿ ದಿಂಬು ಕಚ್ಚುತ್ತಿದ್ದ. ಹೆಂಡತಿ ವೇದಾ ಬಟ್ಟೆ ಬಿಚ್ಚಿದಳು. ಚರ್ಮ ಬಿಗಿದು ಮಿರುಗುತ್ತಿತ್ತು. ಒಳಗೆ ಮಾಂಸವಲ್ಲ, ಮರವಿದ್ದಂತೆ ಗಟ್ಟಿ.

“ಹೆಬ್ಬೆರಳು ಮೇಲಕ್ಕೆ ಎತ್ತಿ ನೋಡೋಣ.”

“ಎತ್ತಿದೀನಲ್ಲ.”

ಬೆರಳು ಅಲ್ಲಾಡಿರಲಿಲ್ಲ. ಹೆಬ್ಬೆರಳಿನ ಸಂದಿಯಲ್ಲಿ ಇಳಿದಿದ್ದ ಎಣ್ಣೆಯನ್ನು ಅವಳು ಒರೆಸಿದಳು. ಅವನಿಗೆ ಅದು ತಿಳಿಯಲೇ ಇಲ್ಲ.

“ನಡೀರಿ, ಆಸ್ಪತ್ರೆಗೆ ಹೋಗೋಣ.”

“ಮೂಳೆ ನೆಟ್ಗೈತೆ ಅಂದವ್ರಲ್ಲಮ್ಮ,” ಎಂದಳು ಅತ್ತೆ. ವೇದಾ ಆಗಲೇ ಕಾರಿನ ಕೀ ತೆಗೆದುಕೊಂಡಿದ್ದಳು.

ಹೆಬ್ಬಾಳದ ಫ್ಲೈಓವರ್ ಮೇಲೆ ಗಾಡಿಗಳು ನಿಂತೇ ಇದ್ದವು. ವೇದಾಳ ಪಕ್ಕದ ಸೀಟಿನಲ್ಲಿ ನರಳುತ್ತಿದ್ದ ಸತೀಶ್ ಅಲ್ಲಿ ಸುಮ್ಮನಾದ.

“ನೋವು ಕಮ್ಮಿ ಆಯ್ತು ಕಣೇ. ವಾಪಸ್ ಹೋಗೋಣ.”

ಹಿಂದಿನ ಸೀಟಿನಲ್ಲಿ ಮುನಿವೆಂಕಟಮ್ಮ ದೇವರಿಗೆ ಕೈಮುಗಿದಳು. ವೇದಾ ಬಗ್ಗಿ ಅವನ ಪಾದ ಮುಟ್ಟಿದಳು. ತಣ್ಣಗಿತ್ತು.

ನೋವು ನಿಂತಿತೆಂದು ಕೇಳಿದಾಗ ಆಸ್ಪತ್ರೆಯ ಡಾಕ್ಟರ ಮುಖ ಬದಲಾಯಿತು.

“ಪಾದ, ಬೆರಳು ಮೇಲಕ್ಕೆತ್ತೋ ಸ್ನಾಯುಗಳು ಇಲ್ಲೇ ಮುಂದೆ, ಬಿಗಿಯಾದ ಒಂದು ಪೊರೆ ಒಳಗಿರ್ತವೆ. ಏಟಿಗೆ ಒಳಗೆ ರಕ್ತ ತುಂಬ್ಕೊಂಡಿದೆ. ಪೊರೆ ಹಿಗ್ಗಲ್ಲ. ಸ್ನಾಯು, ನರ ಎರಡೂ ಸಾಯ್ತಾ ಇವೆ, ಅದಕ್ಕೇ ನೋವಿಲ್ಲ. ಈಗ್ಲೇ ಕುಯ್ದು ಪೊರೆ ಬಿಡಿಸ್ಬೇಕು. ಮೇಲೆ ಏನಾದ್ರೂ ಬಿಗಿಯಾಗಿ ಕಟ್ಟಿದ್ರಾ?”

ಮುನಿವೆಂಕಟಮ್ಮ ಸೊಸೆಯ ಕಡೆ ನೋಡಿದಳು. ವೇದಾ ಹೌದೆಂದು ತಲೆಯಾಡಿಸಿದಳು. ಡಾಕ್ಟರು ಆಪರೇಷನ್ ಕೋಣೆಗೆ ಹೋದರು.

ಹೊರಬಂದು ಅವರು ಹೇಳಿದ್ದಿಷ್ಟು: ಕಾಲು ಉಳಿಯಿತು; ಆದರೆ ಸ್ನಾಯು ಬಹುಪಾಲು ಬೂದಿಬಣ್ಣಕ್ಕೆ ತಿರುಗಿತ್ತು, ಅದನ್ನು ತೆಗೆಯಬೇಕಾಯಿತು.

ಮಳೆಗಾಲದಲ್ಲಿ ಸತೀಶ್ ಕಾಲಿಗೆ ಪ್ಲಾಸ್ಟಿಕ್ ಆಸರೆ ಹಾಕಿಕೊಂಡು ಓಡಾಡತೊಡಗಿದ. ಪಾದದ ತುದಿ ಇಳಿಬಿದ್ದು ನೆಲಕ್ಕೆ ತಾಗದಂತೆ ಮೊಣಕಾಲನ್ನು ಎತ್ತೆತ್ತಿ ಇಡುತ್ತಿದ್ದ. ಮನೆಯೊಳಗೆ ಆಸರೆ ತೆಗೆದಾಗ ಆ ಪಾದ ಪಟ್ಟೆಂದು ಬೀಳುತ್ತಿತ್ತು. ಆ ಸದ್ದು ಹತ್ತಿರವಾದಾಗ ಅಡುಗೆಮನೆಯಲ್ಲಿ ಮುನಿವೆಂಕಟಮ್ಮ ಎಣ್ಣೆಯ ಸೀಸೆಯನ್ನು ಡಬ್ಬಿಗಳ ಹಿಂದಕ್ಕೆ ಸರಿಸುತ್ತಿದ್ದಳು.