ಫೋನಿನಲ್ಲಿ ಓದುವ ಫೈಲು

"ಕೀಲಿ ಕೊಡ್ರಿ ಅಣ್ಣಾರ," ಎಂದು ರಾಜಮತಿ ಹೊಸ್ತಿಲಲ್ಲೇ ನಿಂತು ಕೇಳಿದಳು. ಗೋಕಾಕದಿಂದ ಮೂಡಲಗಿಯವರೆಗೆ ಬಸ್ಸಿನಲ್ಲಿ ಸಿಟ್ಟನ್ನು ಜೋಪಾನ ಮಾಡಿಕೊಂಡೇ ಬಂದಿದ್ದಳು. "ಕಂಪ್ಯೂಟರ್ ಖೋಲಿ ಕೀಲಿ ಇಸ್ಕೊಂಡು ಬಾ ಅಂದಾರ ನೇಮಿನಾಥ ಸರ. ಇನ್ನ ಮ್ಯಾಲ ನಿಮಗ ಕೆಲಸ ಇಲ್ಲಂತ."

ಬೀರಸಿದ್ದಪ್ಪ ಕಂಪ್ಯೂಟರಿನ ಮುಂದೆ ತಲೆ ತಗ್ಗಿಸಿ ಕುಳಿತಿದ್ದ. ಅವಳಿಗೆ ಪ್ರೋಗ್ರಾಮು ಬರೆಯಲು ಕಲಿಸಿದವನೇ ಅವನು. ಸಂಕೇಶ್ವರದ ನೇಮಿನಾಥರು ಇಬ್ಬರಿಗೂ ಪಗಾರ ಕೊಡುವವರು.

ಸಕ್ಕರೆ ಕಾರ್ಖಾನೆಯೊಂದಕ್ಕೆ ಅವರು ಬರೆಸಿದ ದೊಡ್ಡ ಪ್ರೋಗ್ರಾಮು ಅದು. ಕಬ್ಬು ಕಡಿಯುವ ಸರದಿಯ ಭಾಗ ಗೋಕಾಕದಲ್ಲಿ ಅವಳ ಕೈಯಲ್ಲಿ, ತೂಕದ ಭಾಗ ಇಲ್ಲಿ ಇವನ ಕೈಯಲ್ಲಿ. ಊರುಗಳಿಗೆ ಸಂಖ್ಯೆ ಕೊಡುವ ಹೆಡರ್ ಫೈಲು ಮಾತ್ರ ಎರಡೂ ಕಡೆ ಬೇಕು, ಎರಡೂ ಕಡೆ ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು. ಒಂದೂರಿನ ಕಂಪ್ಯೂಟರನ್ನು ಇನ್ನೊಂದೂರಿನದಕ್ಕೆ ಜೋಡಿಸುವ ತಂತಿ ಇನ್ನೂ ಬಂದಿರದ ಕಾಲ. ಅದಕ್ಕೆ ಬೀರಸಿದ್ದಪ್ಪನೇ ಒಂದು ಪದ್ಧತಿ ಹಾಕಿದ್ದ: ಫೈಲು ತಿದ್ದಿದವರು ಕೂಡಲೇ ಫೋನು ಮಾಡಿ ಓದಬೇಕು, ಇನ್ನೊಬ್ಬರು ತಿರುಗಿ ಹೇಳಿ ತಿದ್ದಿಕೊಳ್ಳಬೇಕು. ಅವನು ಓದತೊಡಗಿದರೆ ಫೋನೇ ಬೇಡ, ಮೂಡಲಗಿಯಿಂದ ಗೋಕಾಕಕ್ಕೆ ಹಾಗೇ ಕೇಳುತ್ತದೆ ಎಂದು ಅವಳು ನಗುತ್ತಿದ್ದಳು.

ಈ ಸಲ ಅವನು ನಡುವೆ ಹೊಸ ಊರೊಂದನ್ನು ಸೇರಿಸಿ ಸುಮ್ಮನಿದ್ದುಬಿಟ್ಟಿದ್ದ. ಕೆಳಗಿನ ಊರುಗಳ ಸಂಖ್ಯೆಯೆಲ್ಲ ಒಂದೊಂದು ಜಾರಿತು. ಕೌಜಲಗಿಯ ಟ್ರ್ಯಾಕ್ಟರು ತೂಕಕ್ಕೆ ಬಂದರೆ ಕಂಪ್ಯೂಟರು ಅದನ್ನು ಯಮಕನಮರಡಿಯದೆಂದು ಓದಿ, ಸರದಿ ಇಲ್ಲ ಎಂದಿತು. ಕಡಿದ ಕಬ್ಬು ಕಾರ್ಖಾನೆಯ ಅಂಗಳದಲ್ಲೇ ಒಣಗಿತು, ರೈತರು ನೇಮಿನಾಥರ ಕೊರಳಪಟ್ಟಿ ಹಿಡಿದರು.

"ಒಂದು ಫೋನ್ ಮಾಡಾಕ ಏನಾಗಿತ್ರಿ ನಿಮಗ?"

ಅವನು ಬಾಯಿ ತೆರೆದ. ಉಸಿರು ಬಂತು, ದನಿ ಬರಲಿಲ್ಲ.

"ಮಾಡಿದ್ರಲ್ರಿ ಅಕ್ಕಾರ," ಎಂದಳು ಅವನ ಹೆಂಡತಿ ಚನ್ನವ್ವ ಒಳಗಿನಿಂದ ಬಂದು. "ಗಂಟಲದಾಗ ಗಂಟು ಆಗೇತಿ. ಸೋಮವಾರ ಬೆಳಗಾವಿಯೊಳಗ ಆಪರೇಶನ್ ಐತಿ, ಆಮ್ಯಾಲೂ ದನಿ ಬರೂದಿಲ್ಲಂತ. ಕೆಲಸ ಹೋದೀತು ಅಂತ ಯಾರಿಗೂ ಹೇಳಗೊಡಲಿಲ್ಲ. ನನಗ ಆ ಇಂಗ್ಲಿಷ್ ಓದಾಕ ಬರೂದಿಲ್ಲ. ಒಂದ್ ಮಾತರ ಹೊಂಟೀತು ಅಂತ ಮತ್ತ ಮತ್ತ ಫೋನ್ ಹಚ್ಚಿದ್ರು. ನೀವ ಇಟ್ರಿ."

ಆ ವಾರ ಬಂದ ಮೂಕ ಫೋನುಗಳು ರಾಜಮತಿಗೆ ನೆನಪಾದವು. ಯಾವನೋ ಪೋಲಿ ಎಂದುಕೊಂಡು, "ಬಾಯಿ ಇಲ್ಲೇನ ನಿನಗ?" ಎಂದು ಬೈದು ಫೋನು ಕುಕ್ಕಿದ್ದಳು. ಈಗ ತನ್ನ ನಾಲಿಗೆಯ ಮೇಲೆ ಅವಳಿಗೇ ಅಸಹ್ಯವಾಯಿತು.

ಅಲ್ಲಿಂದಲೇ ನೇಮಿನಾಥರಿಗೆ ಫೋನು ಹಚ್ಚಿದಳು. "ತಪ್ಪು ನಂದ್ರಿ ಸರ. ಅಣ್ಣಾರ ಫೋನ್ ಮಾಡಿದ್ರು, ನಾನ ಕೇಳಸ್ಕೊಳ್ಳಲಿಲ್ಲ. ಕೀಲಿ ಇಲ್ಲೇ ಇರಲ್ರಿ." ಅವರ ಬೈಗುಳವನ್ನು ಪೂರ್ತಿ ಕೇಳಿಸಿಕೊಂಡು ಫೋನಿಟ್ಟಳು.

"ಇನ್ನ ಮ್ಯಾಲ ನೀವು ಬರೇ ಫೋನ್ ಹಚ್ರಿ ಅಣ್ಣಾರ. ನನ್ನ ಫೈಲ್ ನಾ ಓದ್ತೀನಿ. ನಿಮ್ಮದರಾಗ ಬ್ಯಾರೆ ಇದ್ದಲ್ಲಿ ಮೇಜು ಬಡೀರಿ, ಬಸ್ಸಿಗೆ ಬಂದು ನೋಡ್ಕೊಂಡು ಹೋಗ್ತೀನಿ."

ಅವನು ತಲೆಯಾಡಿಸಿದ. ಕಣ್ಣೊರೆಸಿಕೊಳ್ಳಲು ಗೋಡೆಯ ಕಡೆ ತಿರುಗಿದ.

ಆಪರೇಶನ್ ಆಗಿ ಅವನು ಮನೆಗೆ ಮರಳಿದ ಮೇಲೆ, ಒಂದು ಮಧ್ಯಾಹ್ನ ಗೋಕಾಕದ ಫೋನು ರಿಂಗಾಯಿತು. ಹಲೋ ಎಂದರೆ ಯಾರೂ ಮಾತಾಡಲಿಲ್ಲ. ರಾಜಮತಿ ಫೈಲು ತೆರೆದು ಮೊದಲ ಸಾಲಿನಿಂದ ಓದತೊಡಗಿದಳು. ಒಂದೊಂದು ಊರಿನ ಮುಂದೆಯೂ ತುಸು ನಿಂತು ಕಿವಿಗೊಟ್ಟಳು. ಎಲ್ಲಿಯೂ ಮೇಜಿನ ಸದ್ದು ಬರಲಿಲ್ಲ. ಕೊನೆಯ ಸಾಲೂ ಮುಗಿಯಿತು. ಯಾವುದೂ ಬದಲಾಗಿರಲಿಲ್ಲ; ಅವನು ಫೋನು ಹಚ್ಚಿದ್ದು ಫೈಲಿಗಾಗಿ ಅಲ್ಲ.

ಆ ಕಡೆ ಫೋನು ಇಟ್ಟ ಸದ್ದೂ ಬರಲಿಲ್ಲ. ಅವಳು ಮತ್ತೆ ಮೊದಲ ಸಾಲಿಗೆ ಹೋಗಿ ಓದತೊಡಗಿದಳು.