ಮೇಣದ ಕೋಣೆಯ ಬಾಗಿಲು

ಒಣಗಿದ ಎಲೆ, ಆರಿದ ಮೇಣದಬತ್ತಿ, ಬೆವರು, ಮೂರೂ ಕೂಡಿದ ಒಂದು ವಾಸನೆ. ಚಿಕ್ಕವಳಿದ್ದಾಗ ಅದು ಅಮ್ಮನ ಮೈಯ ವಾಸನೆಯೇ ಎಂದುಕೊಂಡಿದ್ದೆ. ಕಾರ್ಖಾನೆಯದೆಂದು ತಿಳಿದದ್ದು ಕಾಲೇಜಿನ ರಜೆಯಲ್ಲಿ ಅವಳ ಜೊತೆ ಕೆಲಸಕ್ಕೆ ಹೋದಾಗ.

ತಾಳೆ ಜಾತಿಯ ಮರವೊಂದರ ಎಲೆಗಳನ್ನು ಒಣಗಿಸಿ ಬಡಿದರೆ ಬೂದಿಯಂಥ ಪುಡಿ ಉದುರುತ್ತದೆ. ಕರಗಿಸಿದರೆ ಅದೇ ಮೇಣ. ತುಟಿಗೆ ಹಚ್ಚುವ ಬಣ್ಣದ ಕಡ್ಡಿ ಬಿಸಿಲಿಗೆ ಮೆತ್ತಗಾಗದೆ ನಿಲ್ಲುವುದು ಅದರಿಂದ. ಪುಡಿ ಬಲು ಹಗುರ, ಉಸಿರಿಗೂ ಹಾರೀತು. ಹಾಗಾಗಿ ಬಡಿಯುವ ಕೋಣೆಗೆ ಕಿಟಕಿಯಿಲ್ಲ. ಬೆಳಿಗ್ಗೆ ಮುಚ್ಚಿದ ಬಾಗಿಲನ್ನು, ಪುಡಿ ನೆಲಕ್ಕಿಳಿದು ಗುಡಿಸಿ ಚೀಲಕ್ಕೆ ತುಂಬುವವರೆಗೆ ಯಾರೂ ತೆರೆಯುವಂತಿಲ್ಲ. ಬಾಯಿಗೆ ಬಟ್ಟೆ ಕಟ್ಟಿಕೊಂಡು ಎಂಟು ಹೆಂಗಸರು ಬಡಿಯುತ್ತಿದ್ದೆವು. ಚೀಲ ತುಂಬಿದರೆ ಎಲ್ಲರಿಗೂ ಕೂಲಿ, ಇಲ್ಲದಿದ್ದರೆ ಯಾರಿಗೂ ಇಲ್ಲ.

"ಓದಿದ ಕೈ ನೋಡ್ರೇ, ಎಲೆಗೆ ನೋವಾಗತ್ತೆ ಅಂತ ಸವರ್ತಾ ಇದೆ!" ಎಂದು ಮೊದಲ ದಿನವೇ ನಗೆಯೆಬ್ಬಿಸಿದವಳು ಜಗಳಗಂಟಿ. ಅವಳನ್ನು ಎಲ್ಲರೂ ಹಾಗೆಯೇ ಕರೆಯುತ್ತಿದ್ದರು.

ನಾಲ್ಕನೆಯ ದಿನ ಅಮ್ಮನ ಕೆಮ್ಮು ನಿಲ್ಲಲೇ ಇಲ್ಲ. ಗೋಡೆ ಹಿಡಿದು ಕುಸಿದಳು. ತುಟಿ ನೀಲಿಗಟ್ಟಿತ್ತು.

"ಸ್ವಲ್ಪ ತಡ್ಕೊಳ್ಳೇ, ಇನ್ನೇನು ಪುಡಿ ಇಳಿಯತ್ತೆ," ಎಂದಳು ಜಗಳಗಂಟಿ.

ನಾನು ಓಡಿಹೋಗಿ ಬಾಗಿಲನ್ನು ಪೂರ್ತಿ ತೆರೆದೆ. ಗಾಳಿ ನುಗ್ಗಿತು. ಎಂಟು ಜನರ ಬೆಳಗಿನ ದುಡಿಮೆ ಹೊಗೆಯಂತೆ ಅಂಗಳ ದಾಟಿ ಹೋಯಿತು.

"ನಾಳೆಯಿಂದ ತಾಯಿ ಮಗಳು ಇಬ್ಬರೂ ಬರೋದು ಬೇಡ," ಎಂದ ಮೇಸ್ತ್ರಿ.

ಹೊರಗೆ ಗೋಡೆಗೊರಗಿದ ಅಮ್ಮ, ಉಸಿರು ಸಿಕ್ಕ ಕೂಡಲೇ ನನ್ನನ್ನು ಬೈದಳು. "ಅಷ್ಟೂ ಜನರ ಹೊಟ್ಟೆ ಮೇಲೆ ಹೊಡೆದ್ಯಲ್ಲೇ! ಒಬ್ಬಳು ನುಸುಳೋಷ್ಟು ತೆಗೆದು ನನ್ನನ್ನ ಹೊರಗೆ ತಳ್ಳಿದ್ರೆ ಸಾಕಿತ್ತು."

ನನಗದು ತೋಚಿರಲಿಲ್ಲ. ಆಮೇಲೆ ಅವಳು ಬದುಕಿದ್ದು ಹನ್ನೊಂದು ದಿನ. ಅಷ್ಟೂ ದಿನ ಅದನ್ನೇ ಹೇಳಿಕೊಂಡು ಕೊರಗಿದಳು.

ಅಂದು ಮಧ್ಯಾಹ್ನ, ಮತ್ತೆ ಬಾಗಿಲು ಮುಚ್ಚಿಕೊಂಡು ಬಡಿಯುತ್ತಿದ್ದ ಹೆಂಗಸರು ಊಟಕ್ಕೆ ಹೊರಬಂದರು. ಒಬ್ಬರೂ ನಮ್ಮತ್ತ ತಿರುಗಲಿಲ್ಲ. ನಮ್ಮ ಡಬ್ಬಿ ಒಳಗೇ ಉಳಿದಿತ್ತು. ಹೋಗಿ ತರಲು ನನಗೆ ಮುಖವಿರಲಿಲ್ಲ.

ಜಗಳಗಂಟಿ ಕೊನೆಯಲ್ಲಿ ಬಂದಳು. ರೆಪ್ಪೆಯ ಮೇಲೂ ಪುಡಿ. ಬೈಯುತ್ತಾಳೆಂದು ನಾನು ತಲೆ ತಗ್ಗಿಸಿದೆ. ಅವಳು ನಮ್ಮ ಡಬ್ಬಿಯನ್ನು ಒರೆಸಿ ನನ್ನ ಕೈಗಿಟ್ಟಳು. ಅದರ ಮೇಲೆ ತನ್ನದನ್ನೂ ಇಟ್ಟಳು.