ಕೇಳಿಸಿಕೊಳ್ಳುವ ಕವಾಯತು

ಆತ್ಮಹತ್ಯೆ ತಡೆಯುವ ಬಗ್ಗೆ ಮಕ್ಕಳಿಗೆ ಹೇಳಿಕೊಡಬೇಕೆಂದು ಮೇಲಿನಿಂದ ಆದೇಶ ಬಂದಾಗ ಹೆಡ್‌ಮಾಸ್ಟರು ಅದನ್ನು ವ್ಯಾಯಾಮದ ಮೇಷ್ಟ್ರ ತಲೆಗೆ ಕಟ್ಟಿದರು. ಬೆಂಕಿ ಬಿದ್ದರೆ ಸಾಲಾಗಿ ಹೊರಬರುವುದನ್ನು ಅಷ್ಟು ಚೆನ್ನಾಗಿ ಕಲಿಸಿದವರಿಗೆ ಇದೇನು ಮಹಾ ಎಂಬುದು ಅವರ ವಾದ.

ಮೇಷ್ಟ್ರಿಗೆ ಗೊತ್ತಿದ್ದದ್ದು ಒಂದೇ ವಿದ್ಯೆ. ಇಡೀ ಶಾಲೆಯನ್ನು ಮೈದಾನದಲ್ಲಿ ಜೋಡಿಜೋಡಿಯಾಗಿ ನಿಲ್ಲಿಸಿದರು. ಮೊದಲ ಸೀಟಿಗೆ ಎದುರಿನವರನ್ನು ಸಾಯಬೇಕು ಅನ್ನಿಸುತ್ತಿದೆಯಾ ಎಂದು ನೇರವಾಗಿ ಕೇಳಬೇಕು, ಎರಡನೆಯದಕ್ಕೆ ಬಾಯಿ ಮುಚ್ಚಿ ಕೇಳಿಸಿಕೊಳ್ಳಬೇಕು, ಮೂರನೆಯದಕ್ಕೆ ತರಗತಿಗೆ. ಹೂಂ ಅಂದರೆ ಏನು ಮಾಡಬೇಕೆಂದು ಹಿಂದಿನ ಸಾಲಿನಿಂದ ಯಾರೋ ಕೇಳಿದ್ದಕ್ಕೆ ಅಧಿಕಪ್ರಸಂಗ ಬೇಡವೆಂದು ಗದರಿದರು.

ಒಂಬತ್ತನೇ ತರಗತಿಯ ಒಬ್ಬ ಹುಡುಗಿಗೆ ಜೋಡಿ ಸಿಗಲಿಲ್ಲ. ಸಾಲು ಸೊಟ್ಟಗಾಗಬಾರದೆಂದು ಮೇಷ್ಟ್ರೇ ಅವಳೆದುರು ನಿಂತರು. ಸೀಟಿ ಊದಿ, ಬಾಯಿಂದ ತೆಗೆದು, ಕೇಳಿದರು.

"ಹೂಂ ಸಾರ್," ಎಂದಳು ಹುಡುಗಿ, ಹಾಜರಿ ಹೇಳುವಂತೆ.

ಸುತ್ತಲೂ ಇಲ್ಲ ಇಲ್ಲ ಎಂಬ ಗದ್ದಲ. ಮೇಷ್ಟ್ರು ದಿಕ್ಕು ತೋಚದೆ ಎರಡನೇ ಸೀಟಿ ಊದಿದರು. ಶಾಲೆ ಗಪ್‌ಚಿಪ್ಪಾಯಿತು.

"ಬಹಳ ದಿನದಿಂದ ಸಾರ್. ಯಾರೂ ಕೇಳಿರ್ಲಿಲ್ಲ."

ಅಷ್ಟು ಹೇಳಿ ನಿಂತಳು. ಜಗುಲಿಯಿಂದ ಹೆಡ್‌ಮಾಸ್ಟರು ಕೈಗಡಿಯಾರ ತಟ್ಟಿ ತೋರಿಸಿದರು. ಈಗ ಮೂರನೇ ಸೀಟಿ ಊದಿದರೆ ಇವಳು ಮತ್ತೆ ತುಟಿ ಬಿಚ್ಚದೆ ಸಾಲಿನಲ್ಲಿ ಹೋಗಿಬಿಡುತ್ತಾಳೆ, ಹಾಗೆ ಹೋಗುವುದನ್ನು ಕಲಿಸಿದವನು ತಾನೇ, ಎಂದು ಮೇಷ್ಟ್ರಿಗೆ ಹೊಳೆಯಿತು. ಸೀಟಿಯನ್ನು ಜೇಬಿಗಿಳಿಸಿದರು.

ಸೀಟಿಯಿಲ್ಲದೆ ಶಾಲೆ ಕದಲುವುದೆಂತು? ಬಿಸಿಲಲ್ಲಿ ಎಲ್ಲರೂ ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುತ್ತಲೇ ನಿಂತರು. ಮೊದಲು ಕಿಸಕ್ಕೆಂದರು, ಆಮೇಲೆ ಆಕಳಿಸಿದರು. ಮೌನ ಎಷ್ಟು ಉದ್ದವಾಯಿತೆಂದರೆ, ಅದನ್ನು ತಾಳಲಾರದೆ ಅಲ್ಲಲ್ಲಿ ಪಿಸುಮಾತು ಶುರುವಾಯಿತು. ಗಣಿತದ ಮೇಡಂ ಸಂಗೀತದ ಮೇಡಂ ಭುಜಕ್ಕೆ ಒರಗಿದರು. ಜಗುಲಿಯ ಮೇಲೆ ಹೆಡ್‌ಮಾಸ್ಟರಿಗೆ ಜೋಡಿಯಾಗಿದ್ದ ಗುಮಾಸ್ತರು, ನಿಯಮದ ಪ್ರಕಾರ, ಬಾಯಿ ಮುಚ್ಚಿ ಅವರ ಮುಖವನ್ನೇ ನೋಡುತ್ತಿದ್ದರು. ಕಡೆಗೆ ಹೆಡ್‌ಮಾಸ್ಟರು ಮೆಟ್ಟಿಲ ಮೇಲೆ ಕುಸಿದು ಕೂತು, ತಮಗೂ ಒಂದು ಕಾಲದಲ್ಲಿ ಹಾಗೆ ಅನ್ನಿಸಿತ್ತೆಂದು ಹೇಳತೊಡಗಿದರು.

"ಎಲ್ಲರೂ ಕಾಯ್ತಿದಾರೆ ಸಾರ್," ಎಂದಳು ಹುಡುಗಿ.

"ಕಾಯ್ಲಿ ಬಿಡು. ನಾನೆಲ್ಲೂ ಹೋಗಲ್ಲ. ಆಮೇಲೆ ನಿಮ್ಮಮ್ಮನ್ನ ಕರೆಸಿ, ಡಾಕ್ಟರ ಹತ್ರ ಒಟ್ಟಿಗೇ ಹೋಗೋಣ. ಈಗ ಹೇಳಮ್ಮ."

ಮೇಷ್ಟ್ರು ಮಣ್ಣಿನಲ್ಲಿ ಚಕ್ಕಳಮಕ್ಕಳ ಹಾಕಿದರು. ಹುಡುಗಿ ಲಂಗ ಸರಿಮಾಡಿಕೊಂಡು ಎದುರು ಕೂತಳು. ಮಾತು ತಡವರಿಸಿದಾಗಲೆಲ್ಲ ಮೇಷ್ಟ್ರು ತಮಗೆ ಆಗ ತೋಚಿದ ಒಂದೇ ಪ್ರಶ್ನೆ ಕೇಳಿದರು.

"ಆಮೇಲೆ?"

ಹುಡುಗಿ ಹೇಳುತ್ತಾ ಹೋದಳು.